ಶನಿವಾರ ಬೆಳಗಿನ ಹಸಿವು

ಶನಿವಾರದ ಒಪ್ಪತ್ತು ಯಾವಾಗ ಶುರುವಾಯಿತೆಂದು ಯಾರಾದರೂ ಕೇಳಿದ್ದರೆ, ಸಂಪಿಗೆ ಊರಿನ ಶ್ರೀನಿವಾಸನ ಗುಡಿಯಲ್ಲಿ ತುಳಸಿ ಹಿಡಿದು ಹರಕೆ ಹೊತ್ತ ದಿನ ಎಂದು ಹೇಳುತ್ತಿದ್ದೆ. ಅಷ್ಟು ಚೆನ್ನಾಗಿ ನೆನಪಿತ್ತು. ಡೈರಿ ತೆಗೆದು ನೋಡಿದರೆ ಆ ತಿಂಗಳಲ್ಲಿ ಗುಡಿಯ ಮಾತೇ ಇಲ್ಲ. ಇರುವುದು ಇಷ್ಟು: "ಇವತ್ತೂ ಅನ್ನ ಸೇರಲಿಲ್ಲ. ಅತ್ತೆ ಕೇಳಿದರು. ಶನಿವಾರ ಅಲ್ವಾ, ಒಪ್ಪತ್ತು ಅಂದೆ."

ಸುಳ್ಳು ಮೊದಲು ಬಂದಿತ್ತು, ದೇವರು ಆಮೇಲೆ. ಶನಿವಾರ ಸಾಲದೆ ಸೋಮವಾರ ಸೇರಿತು, ಮತ್ತೆ ಗುರುವಾರ. ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗಿ ಎದ್ದು ಸ್ನಾನ ಮಾಡಿದರೆ ಅದೂ ಭಕ್ತಿಯೇ. "ಎಂಎ ಓದಿದ್ರೂ ನಮ್ ಸೊಸೆ ನೇಮ ಬಿಟ್ಟಿಲ್ಲ ಕಣ್ರೀ" ಎಂದು ಅತ್ತೆ ನೆಂಟರಿಗೆಲ್ಲ ಹೇಳುತ್ತಿದ್ದರು. ಕಾಯಿಲೆಗೆ ಅಷ್ಟು ಮರ್ಯಾದೆ ಬೇರೆ ಯಾವ ಮನೆಯಲ್ಲೂ ಸಿಕ್ಕಿರಲಾರದು.

ಸೊರಗುತ್ತಾ ಬಂದಾಗ ತೋರಿಸಿದ ಡಾಕ್ಟರು ಇದು ಖಿನ್ನತೆ ಎಂದು ತಿಪಟೂರಿನ ಆಪ್ತಸಮಾಲೋಚಕಿಯೊಬ್ಬರ ಬಳಿ ಕಳಿಸಿದರು. ಪ್ರತಿ ಬುಧವಾರ ಅಲ್ಲಿ ಮಾತು. ಎದ್ದ ಹೊತ್ತು, ಹಸಿದ ಹೊತ್ತು, ಮಲಗಿದ ಹೊತ್ತು ಬರೆದುಕೊಂಡು ಹೋಗಬೇಕು. ಹಸಿವಿನ ಕಾಲಂ ಖಾಲಿಯೇ ಇರುತ್ತಿತ್ತು. ಒಂದು ವಾರ ನಾಚಿಕೆಯಾಗಿ ಬಸ್ಸಿನಲ್ಲೇ ಏನೋ ತುಂಬಿಸಿ ಕೊಟ್ಟೆ. ಅವರು ಹಾಳೆಯನ್ನು ಪಕ್ಕಕ್ಕಿಟ್ಟು, "ನಿಜವಾಗಿ ಕೊನೇ ಸಲ ಹಸಿವಾಗಿದ್ದು ಯಾವಾಗ?" ಎಂದರು. ಅಳು ಬಂತು. ಉತ್ತರ ಹುಡುಕಲೆಂದೇ ಮನೆಗೆ ಬಂದು ಆ ಹಳೆಯ ಡೈರಿ ತೆಗೆದದ್ದು; ಹರಕೆಯೇ ಇರಲಿಲ್ಲವೆಂದು ಮೊದಲು ಹೇಳಿದ್ದು ಅವರಿಗೆ, ಮುಂದಿನ ಬುಧವಾರ.

ನಿದ್ದೆ ಬೇಗ ಸರಿಹೋಯಿತು, ಬೆಳಗಿನ ಐದೂವರೆಯವರೆಗೆ ಬರತೊಡಗಿತು. ಹಸಿವು ತಿಂಗಳುಗಳ ನಂತರ ಬಂತು, ಅದೂ ಶನಿವಾರ ಬೆಳಗ್ಗೆ ಎಂಟಕ್ಕೆ. ಮಾತಿನಿಂದಲೇ ಬಂತೇ? ಆಣೆ ಮಾಡಿ ಹೇಳಲಾರೆ. ತೆಂಗಿನಕಾಯಿ ಸುಲಿಯಲು ಬಂದವರಿಗೆ ರಾಗಿ ರೊಟ್ಟಿ ತಟ್ಟುತ್ತಿದ್ದೆ, ಬಾಯಲ್ಲಿ ನೀರೂರಿತು. ಒಂದು ರೊಟ್ಟಿ, ಹುಚ್ಚೆಳ್ಳು ಚಟ್ನಿ ಹಾಕಿಕೊಂಡು ಪಡಸಾಲೆಯಲ್ಲೇ ಕುಳಿತೆ.

"ಶನಿವಾರ ಕಣೇ ಇವತ್ತು!"

"ಗೊತ್ತು ಅತ್ತೆ. ಹೊಟ್ಟೆ ಹಸೀತು."

"ವಾರ ವಾರ ಮಾತಾಡಕ್ ಹೋಗಿ ಕಲ್ತಿದ್ದು ಇದೇಯಾ? ದೇವ್ರಿಗೆ ಹೇಳ್ಕಂಡಿದ್ದು?"

"ದೇವ್ರಿಗೆ ಏನೂ ಹೇಳಿರ್ಲಿಲ್ಲ. ನಿಮಗ್ ಹೇಳಿದ್ದೆ, ಸುಳ್ಳು."

ಅಂಗಳದಿಂದ ಕಾಯಿ ಸುಲಿಯುವವನು ಕೂಗಿದ: "ತಿನ್ಲಿ ಬುಡ್ರವ್ವ, ಸ್ವಾಮಿ ಏನ್ ರೊಟ್ಟಿ ಎಣುಸ್ತಾ ಕುಂತಿರ್ತಾನಾ?"

"ನೀನ್ ಕಾಯಿ ಸುಲಿಯಲಾ!" ಅತ್ತೆ ಅವನನ್ನು ಗದರಿದರು.

ಅತ್ತೆ ನಾಲ್ಕು ದಿನ ಮಾತು ಬಿಟ್ಟರು. ಬುಧವಾರ ತಿಪಟೂರಿಗೆ ಹೋಗಕೂಡದೆಂದು ನನ್ನ ಗಂಡನ ಕೈಲಿ ಹೇಳಿಸಿದರು. ನಾನು ಹೋಗಿಬಂದೆ. ಶುಕ್ರವಾರ ಗಂಡ ರಾಜಿಗೆ ಬಂದರು: "ಅಮ್ಮನ್ ಸಮಾಧಾನಕ್ಕಾದ್ರೂ ಶನಿವಾರ ಒಂದಿನ ಒಪ್ಪತ್ತಿದ್ಬುಡು."

"ಅಷ್ಟಿದ್ರೆ ನೀವೇ ಇದ್ಬುಡ್ರಿ."

ಮರುದಿನ ಎಂಟಕ್ಕೆ ಅವರು ಎಂದಿನಂತೆ ರೊಟ್ಟಿಯ ತಟ್ಟೆ ಮುಂದೆ ಕುಳಿತಿದ್ದರು. ನಾನೂ ನನ್ನ ತಟ್ಟೆ ತಂದು ಪಕ್ಕದಲ್ಲೇ ಕುಳಿತು ಎರಡು ರೊಟ್ಟಿ ತಿಂದೆ.