ಬೊಗಸೆಯಲ್ಲಿ ಕುಡಿದ ನೀರು

ಅಬಲೂರಿನಾಚೆಯ ಆ ಹಳ್ಳಿಯಲ್ಲಿ ಮನೆಮಂದಿಗೆಲ್ಲ ಸೋಸಿದ ನೀರು. ಅದನ್ನು ಹೊತ್ತು ತರುವ ಹುಡುಗಿಯರು ಮಾತ್ರ ಬಾಯಾರಿ, ಮೆಟ್ಟಿಲಬಾವಿಗಿಳಿದು ಬೊಗಸೆಯಲ್ಲೇ ಕುಡಿಯುತ್ತಿದ್ದರು. ಹಾಗೆ ಕುಡಿದೇ ಉಡಚವ್ವನ ಮಗಳ ಮೊಣಕಾಲಲ್ಲಿ ನಾರುಹುಣ್ಣೆದ್ದಿತು; ನೀರಿನೊಡನೆ ಒಳಹೊಕ್ಕ ಹುಳ ವರ್ಷದ ಮೇಲೆ ನಾರಿನಂತೆ ಚರ್ಮ ಸೀಳಿ ಬರುವ ಹುಣ್ಣು. ಹುಳ ಎಳೆಯುವಾಗ ತುಂಡಾಯಿತು, ಕಾಲು ಸೆಟೆಯಿತು. ಹದಿನಾಲ್ಕರ ಹುಡುಗಿಯನ್ನು ಗಂಡನ ಮನೆಯವರು ತವರಿಗೆ ತಂದು ಬಿಟ್ಟುಹೋದರು.

ಅಂದಿನಿಂದ ಉಡಚವ್ವ ದಿನಾ ಬೆಳಿಗ್ಗೆ ಸೋಸುವ ಬಟ್ಟೆ, ತಂಬಿಗೆ ಹಿಡಿದು ಬಾವಿಯ ಮೆಟ್ಟಿಲ ಮೇಲೆ ಕೂತಳು. ಮದುವೆ ಗೊತ್ತಾಗಿದ್ದ ಯಂಕವ್ವನಿಗೆ ಸೋಸಿದ ನೀರಿನ ತಂಬಿಗೆ ನೀಡಿದಳು.

"ನಿನ್ನ ಮಗಳ ಕಾಲು ಹೋತಂತ ಬಾವಿಗೆ ಕೆಟ್ಟ ಹೆಸರಿಡ್ತಿಯೇನ?" ಎಂದಳು ಯಂಕವ್ವನ ತಾಯಿ. "ಮದುವಿ ಹುಡುಗಿ, ಅಕಿನ್ನ ಮುಟ್ಟಬ್ಯಾಡ."

"ಮದುವಿ ಐತಂತನ ಹೇಳಾಕತ್ತೇನಿ, ಅಕ್ಕ."

ಯಂಕವ್ವ ತಾಯಿಯ ಮುಖ ನೋಡಿ, ತಂಬಿಗೆ ಬಿಟ್ಟು ಬಾವಿಯ ನೀರಿಗೇ ಬೊಗಸೆಯೊಡ್ಡಿದಳು.

ವರ್ಷದ ಮೇಲೆ, ಮದುವೆಯ ವಾರದಲ್ಲೇ, ಅವಳ ಹಿಮ್ಮಡಿಯಿಂದ ನಾರು ಹೊರಬಂತು. ಉಡಚವ್ವನ ಕೆಟ್ಟ ಕಣ್ಣು ತಾಗಿತೆಂದು ಊರು ತೀರ್ಮಾನಿಸಿತು. ಬಾವಿಗಿಳಿಯದಂತೆ ತಡೆದದ್ದು ಉಡಚವ್ವನೊಬ್ಬಳನ್ನೇ.