ಖಾಲಿ ಕ್ಯಾನಿನ ತೂಕ

ಇದು ಕಟ್ಟುಕಥೆ ಅನ್ನುವವರು ಒಂದು ರಾತ್ರಿ ನಮ್ಮ ಚಿಲ್ಲಿಂಗ್ ಸೆಂಟರಿಗೆ ಬಂದು ಒಬ್ಬರೇ ಕುಳಿತು ನೋಡಲಿ. ಕಾಫಿ ನಾನೇ ಕೊಡಿಸುತ್ತೇನೆ.

ಮುಳಬಾಗಿಲು ಹತ್ತಿರ, ಸುತ್ತಲ ಹಳ್ಳಿಗಳ ಹಾಲನ್ನು ತೂಗಿ ತಣ್ಣಗೆ ಮಾಡಿಡುವ ಖಾಸಗಿ ಕೇಂದ್ರ ಅದು. ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನು. ನನಗಿಂತ ಮೊದಲು ಆ ಕೆಲಸದಲ್ಲಿದ್ದವರು ಮುನಿರಾಜಣ್ಣ. ನನಗೆ ಕಲಿಸಿದವರೂ ಅವರೇ.

"ಅಪ್‌ಡೇಟ್ ಆದ್ಮೇಲೆ ತೂಕದ ಮಿಷನ್ ಮೇಲೆ ಖಾಲಿ ಕ್ಯಾನ್ ಇಟ್ಟು ನೋಡು. ಸ್ಕ್ರೀನಲ್ಲಿ ತೂಕ ಬರ್ದೆ ಮನೇಗೆ ಹೋಗ್ಬೇಡ ಕಣೋ," ಅನ್ನುತ್ತಿದ್ದರು.

ಒಂದು ರಾತ್ರಿ ಹೆಡ್ಡಾಫೀಸಿನವರು ಅವರಿಗೆ ಹೇಳದೆ ಕೇಳದೆ ದೂರದಿಂದಲೇ ಅಪ್‌ಡೇಟ್ ಹಾಕಿಬಿಟ್ಟರು. ಬೆಳಿಗ್ಗೆ ತೂಕ ಬರಲಿಲ್ಲ. ಕ್ಯಾನುಗಳು ಬಿಸಿಲಲ್ಲಿ ಕಾದವು, ಹಾಲು ಒಡೆಯಿತು. ತಪ್ಪು ಯಾರದು? ಮುನಿರಾಜಣ್ಣನದಂತೆ! ಕೆಲಸದಿಂದ ತೆಗೆದರು. ಆ ವರ್ಷವೇ ಅವರು ತೀರಿಕೊಂಡರು. ಹಾರ್ಟ್ ಅಟ್ಯಾಕ್ ಅಂದರು. ಆ ಕೊರಗೇ ಕೊಂದಿತು ಅಂತ ನಾನಂತೂ ಹೇಳುತ್ತೇನೆ.

ಮೊನ್ನೆ ಮತ್ತೆ ಹೆಡ್ಡಾಫೀಸಿನಿಂದ ಅಪ್ಪಣೆ. ಎಲ್ಲ ಕೇಂದ್ರಗಳಲ್ಲೂ ರಾತ್ರಿಯೇ ಅಪ್‌ಡೇಟ್ ಆಗಬೇಕು. ತೂಕದ ಮಿಷನ್ನನ್ನು ಕಂಪ್ಯೂಟರಿಗೆ ಹೊಂದಿಸುವ ಡ್ರೈವರ್ ತೀರಾ ಹಳೆಯದು, ಕೆಟ್ಟುಹೋಗುತ್ತದೆ ಎಂದು ಫೋನಿನಲ್ಲಿ ಬೇಡಿಕೊಂಡೆ.

"ಹೇಳಿದಷ್ಟು ಮಾಡ್ರೀ. ಕೆಟ್ರೆ ನೀವೇ ಜವಾಬ್ದಾರಿ."

ಹಾಕಿದೆ. ತೂಕ ಹೋಯಿತು. ಹಳೆಯ ಡ್ರೈವರನ್ನು ವಾಪಸ್ ಕೂರಿಸಲು ಎಷ್ಟು ಹೆಣಗಿದರೂ ಆಗಲಿಲ್ಲ. ಬೆಳಗಾದರೆ ಹಾಲು ಬರುತ್ತದೆ, ನನ್ನ ಕೆಲಸ ಹೋಗುತ್ತದೆ. ತಲೆ ಮೇಲೆ ಕೈ ಹೊತ್ತು ಕುಳಿತೆ...

ಠಣ್!

ಹೊರಗೆ ಯಾರೋ ಕ್ಯಾನ್ ಇಟ್ಟ ಸದ್ದು. ಸಂಜೆಯೇ ತೊಳೆದಿದ್ದ ನೆಲದಿಂದ ಒಡೆದ ಹಾಲಿನ ಹುಳಿ ವಾಸನೆ ಗಪ್ಪನೆ ಬಂತು. ಸ್ಕ್ರೀನ್ ನೋಡಿದೆ. ತೂಕ ಬಂದಿತ್ತು... ಖಾಲಿ ಕ್ಯಾನಿನ ತೂಕ.

ಓಡಿದೆ. ಮಿಷನ್ ಮೇಲೆ ಏನೂ ಇಲ್ಲ. ಕ್ಯಾನುಗಳೆಲ್ಲ ಗೋಡೆ ಪಕ್ಕ, ಸಂಜೆ ಬೋರಲು ಹಾಕಿದ ಹಾಗೇ ಇದ್ದವು. ಆ ವಾರವಷ್ಟೇ ಸೇರಿದ್ದ ವಾಚ್‌ಮನ್ ವೆಂಕಟಪ್ಪ, ಆಂಧ್ರದ ಗಡಿ ಕಡೆಯವನು, ಟಾರ್ಚ್ ಹಿಡಿದು ನಿಂತಿದ್ದ.

"ಎವರು ಸಾರ್ ಅದು?" ತೆಲುಗು ಬೆರೆಸಿ ಪಿಸುಗುಟ್ಟಿದ.

"ಯಾರಪ್ಪಾ?"

"ಈಗ ಕ್ಯಾನ್ ಇಟ್ರಲ್ಲ... ಎಡಗಾಲು ಎಳ್ಕೊಂಡು ನಡೀತಿದ್ರು. ಕೂಗ್ದೆ, ತಿರುಗ್ಲೇ ಇಲ್ಲ."

ಮುನಿರಾಜಣ್ಣ ನಡೆಯುತ್ತಿದ್ದದ್ದು ಹಾಗೆಯೇ. ವೆಂಕಟಪ್ಪ ಅವರನ್ನು ಕಂಡವನೇ ಅಲ್ಲ.

ಬೆಳಿಗ್ಗೆ ನಮ್ಮಲ್ಲಿ ಹಾಲು ಸಲೀಸಾಗಿ ತೂಕವಾಯಿತು. ಮಾಲೂರು, ಶ್ರೀನಿವಾಸಪುರದ ಕೇಂದ್ರಗಳಲ್ಲಿ ಒಡೆದುಹೋಯಿತು. ಮಧ್ಯಾಹ್ನದೊಳಗೆ ನನ್ನಂಥವರಿಬ್ಬರು ಕೆಲಸ ಕಳೆದುಕೊಂಡು ಮನೆಗೆ ಹೋದರು. ಅಪ್ಪಣೆ ಕೊಟ್ಟ ಮಹಾನುಭಾವರು ಎಂದಿನಂತೆ ಊಟಕ್ಕೆ ಹೋದರು. ನನಗೆ ಫೋನ್ ಬಂತು: "ಭೇಷ್ ರೀ! ಇನ್ಮೇಲೆ ಆ ಎರಡೂ ನೀವೇ ನೋಡ್ಕೊಳ್ಳಿ."

ಆ ರಾತ್ರಿ ಡ್ರೈವರ್ ಹೇಗೆ ವಾಪಸ್ ಬಂತೋ ನನಗೆ ಇನ್ನೂ ಗೊತ್ತಿಲ್ಲ. ನಾಳೆ ರಾತ್ರಿ ಮಾಲೂರಿನಲ್ಲಿ ಮತ್ತೊಂದು ಅಪ್‌ಡೇಟ್ ಇದೆ. ಮುನಿರಾಜಣ್ಣ ಅಲ್ಲಿ ಯಾವತ್ತೂ ಕೆಲಸ ಮಾಡಿದವರಲ್ಲ... ಅವರು ಬರದೇ ಹೋದರೆ ಅನ್ನುವುದೇ ಈಗ ನನ್ನ ಹೆದರಿಕೆ.