ಅಣ್ಣನ ಏಟು, ನನ್ನ ಹಲ್ಲುನೋವು

ನನ್ನ ಹಲ್ಲುನೋವಿಗೆ ಅಣ್ಣ ಹೊಡೆದ ಏಟು ಕಾರಣವಲ್ಲ. ಅದು ನನಗೆ ಹನ್ನೆರಡು ವರ್ಷಗಳಿಂದ ಗೊತ್ತಿತ್ತು. ಗೊತ್ತಿದ್ದೂ ಅವನೇ ಕಾರಣವೆಂದು ನಂಬಿಸಿದೆ — ಅವನನ್ನು, ಅವ್ವನನ್ನು, ಮನೆಯವರನ್ನೆಲ್ಲ.

ಆಗ ನಾವಿಬ್ಬರೂ ನಮ್ಮೂರು ಹರವೆಯಲ್ಲಿ ಬೇಸಾಯ ಮಾಡಿಕೊಂಡಿದ್ದೆವು. ಒಂದು ದಿನ ನಾನು ಪಂಪ್‌ಸೆಟ್ ಆನ್ ಮಾಡಿ, ಮರೆತು ಕ್ರಿಕೆಟ್ ಆಡಲು ಹೋದೆ. ಮೋಟರು ಸುಟ್ಟುಹೋಯಿತು. ಅಣ್ಣ ಮಹದೇವ ಎಡಗೆನ್ನೆಗೆ ಒಂದು ಬಾರಿಸಿದ. ಅವನು ನನ್ನ ಮೇಲೆ ಕೈ ಮಾಡಿದ್ದು ಅದೊಂದೇ ಸಲ. ನನಗೆ ಅದಾಗಲೇ ನಾಲ್ಕು ದಿನದ ನೆಗಡಿ. ಮರುದಿನ ಎಡಗಡೆಯ ಮೇಲಿನ ದವಡೆಹಲ್ಲುಗಳು ನೋಯತೊಡಗಿದವು. ಬಗ್ಗಿದರೆ ಕೆನ್ನೆಯೆಲ್ಲ ಸಿಡಿಯುವ ಹಾಗೆ.

ಅಣ್ಣನೇ ಚಾಮರಾಜನಗರಕ್ಕೆ, ಹಲ್ಲಿನ ಡಾಕ್ಟರ ಬಳಿ ಕರೆದೊಯ್ದ. ತಾನು ಹೊರಗೆ ಕುಳಿತ. ಒಳಗೆ ಡಾಕ್ಟರು ಎಕ್ಸ್‌ರೇ ನೋಡಿ, "ಹಲ್ಲು ಚೆನ್ನಾಗಿವೆ. ಇದು ಸೈನಸ್. ಕೆನ್ನೆಮೂಳೆಯ ಒಳಗಿನ ಟೊಳ್ಳು ಜಾಗ ನೆಗಡಿಗೆ ಊದಿಕೊಂಡು, ಕೆಳಗಿರುವ ಹಲ್ಲಿನ ಬೇರನ್ನು ಒತ್ತುತ್ತಿದೆ" ಎಂದರು.

ಹೊರಗೆ ಬಂದೆ. ಅಣ್ಣ ಎದ್ದು ನಿಂತ.

"ಯಾನಂದ್ರುಲಾ?"

"ಏಟ್ ಬಿದ್ದು ಬೇರು ಅಳ್ಳಾಡೋಗದಂತೆ."

ಯಾಕೆ ಹಾಗಂದೆನೋ — ಕೆನ್ನೆಯ ಉರಿ ಇನ್ನೂ ಆರಿರಲಿಲ್ಲ ಎನ್ನಬಹುದು. ಆದರೆ ಆಮೇಲಿನ ಅಷ್ಟೂ ವರ್ಷ? ನೆಗಡಿಯಾದಾಗಲೆಲ್ಲ ಅವನ ಎದುರಿಗೇ ಕೆನ್ನೆ ಹಿಡಿದು ಕೂರುತ್ತಿದ್ದೆ. ಅವನು ನನ್ನ ಪಾಲಿನ ಕೆಲಸವನ್ನೂ ಮಾಡುತ್ತಿದ್ದ. ಅವ್ವ ಸಿಟ್ಟು ಬಂದಾಗೆಲ್ಲ "ತಮ್ಮನ ಅಲ್ ಮುರ್ದವ್ನು ನೀನು" ಎನ್ನುತ್ತಿದ್ದಳು. ಅವನು ತಲೆ ತಗ್ಗಿಸಿ ಉಣ್ಣುತ್ತಿದ್ದ — ಪಕ್ಕದಲ್ಲೇ ಕೂತು ನಾನೂ ಉಣ್ಣುತ್ತಿದ್ದೆ.

ಈಗ ನಾನು ಗುಂಡ್ಲುಪೇಟೆಯ ಶಾಲೆಯೊಂದರಲ್ಲಿ ಗುಮಾಸ್ತ. ಹೋದ ತಿಂಗಳು ಅಣ್ಣ ಬಂದ, ಮೂಗು ಕಟ್ಟಿಕೊಂಡು, ಕೆನ್ನೆ ಹಿಡಿದುಕೊಂಡು.

"ಮೇಲ್ನವು ಎಲ್ಡ್ ಅಲ್ಲು ನೋಯ್ತವೆ. ಕಿತ್ತಾಕುಸ್ಬುಡನ ಬಾ."

"ಬಗ್ಗುದ್ರೆ ಜಾಸ್ತಿ ಆಯ್ತದಾ?"

"ಊ ಕಣ್ಲಾ."

"ಕೀಳುಸ್ಬೇಡ ಅಣ್ಣ. ಇದು ನೆಗಡಿ ನೋವು. ಮೊದ್ಲು ಮೂಗಿನ್ ಡಾಕ್ಟ್ರಿಗೆ ತೋರ್ಸನ."

"ನಿಂಗೆಂಗ್ಲಾ ಗೊತ್ತು?"

ಎಲ್ಲೋ ಓದಿದೆ ಎನ್ನಬಹುದಿತ್ತು. ಬಾಯಿಗೆ ಬರಲಿಲ್ಲ. ಎಲ್ಲವನ್ನೂ ಹೇಳಿಬಿಟ್ಟೆ — ಡಾಕ್ಟರು ಅಂದದ್ದು, ನಾನು ತಿರುಚಿದ್ದು, ಆಮೇಲೆ ಸುಮ್ಮನಿದ್ದದ್ದು. ಅವನು ಕೆನ್ನೆಯಿಂದ ಕೈ ತೆಗೆದ. ಈಗ ಹೊಡೆಯುತ್ತಾನೆ ಎಂದುಕೊಂಡೆ.

"ಅಂಗಾರೆ, ನಿನ್ ಅಲ್ಗೆ ನನ್ನಿಂದ ಏನೂ ಆಗಿರ್ಲಿಲ್ವಾ?"

"ಇಲ್ಲ ಅಣ್ಣ."

"ಸದ್ಯ" ಎಂದ. ಅಷ್ಟೇ. ಟವಲ್ಲಿನಿಂದ ಮುಖ ಒರೆಸಿಕೊಂಡ.

ವಾರದ ಔಷಧಿಗೆ ಅವನ ನೋವು ಹೋಯಿತು, ಹಲ್ಲುಗಳು ಉಳಿದವು. ನನ್ನ ಎದೆಯೂ ಹಗುರಾಗಿದೆ — ಹಾಗೆನ್ನಲು ನಾಚಿಕೆಯಾದರೂ ನಿಜ. ಅವ್ವನಿಗೆ ಇನ್ನೂ ಗೊತ್ತಿಲ್ಲ. ಹೇಳುತ್ತೇನೆಂದರೆ ಅಣ್ಣ, "ವಯಸ್ಸಾದವ್ಳಿಗೆ ಯಾಕ್ಲಾ, ಬುಡು" ಎಂದ.

ಬಿಡುವುದಿಲ್ಲ. ಈ ಭಾನುವಾರ ಹರವೆಗೆ ಹೋಗಿ, ಅವನನ್ನು ಎದುರಿಗೆ ಕೂರಿಸಿಕೊಂಡೇ ಹೇಳುತ್ತೇನೆ.